ಹದಿನೇಳನೆಯ ತಪ್ಪು

ಹೆಂಡತಿ: ಸಂದರ್ಶನಕ್ಕೆ ಕರೆದ ಕಾಗದಕ್ಕೇ ಕೆಂಪು ಮಸಿಯಲ್ಲಿ ಗೀಚಿದ್ದೀರಲ್ಲ, ನಿಮಗೇನು ಬಂದಿದೆ?

ಗಂಡ: ಗೀಚಿಲ್ಲ ಕಣೆ, ತಿದ್ದಿದ್ದೀನಿ. 'ಅಭ್ಯಾರ್ಥಿ' ಅಂತ ಬರೆದಿದ್ದಾರೆ. ಅಲ್ಲಿ ದೀರ್ಘ ಬರೋದಿಲ್ಲ.

ಹೆಂಡತಿ: ಬಂದರೆ ಬರಲಿ. ನಿಮ್ಮ ಗಂಟೇನು ಹೋಗುತ್ತೆ?

ಗಂಡ: ಅವರು ಕರೆದಿರೋದು ಅಭ್ಯಾರ್ಥೀನ. ನಾನು ಅಭ್ಯರ್ಥಿ. ಇನ್ಯಾರನ್ನೋ ಕರೆದ ಕಡೆಗೆ ನಾನು ಹೇಗೆ ಹೋಗಲಿ?

ಗಂಡ ಕರಡು ತಿದ್ದುವ ಕೆಲಸದವನು. ಅಚ್ಚಾಗುವ ಮೊದಲು ಹಾಳೆಯಲ್ಲಿನ ತಪ್ಪು ಹೆಕ್ಕುವುದೇ ಅವನ ಹೊಟ್ಟೆಪಾಡು. ಅವನ ಅನ್ನಕ್ಕೆ ಕಲ್ಲು ಹಾಕಿದ್ದೂ ಅದೇ. ಹಳೆಯ ಮುದ್ರಣಾಲಯ ಮುಚ್ಚಿ ಏಳು ತಿಂಗಳಾಗಿತ್ತು. ಮೊದಲ ಸಂದರ್ಶನದಲ್ಲಿ ಸಂಪಾದಕರ ಉಚ್ಚಾರಣೆ ತಿದ್ದಿ ಬಂದ. ಎರಡನೆಯದರಲ್ಲಿ ವ್ಯವಸ್ಥಾಪಕರ ಮೇಜಿನ ಮೇಲಿದ್ದ ಹೆಸರಿನ ಫಲಕವನ್ನು ಕೈಗೆತ್ತಿಕೊಂಡು, ತಿದ್ದೋಕೆ ಸೀಮೆಸುಣ್ಣ ಇದೆಯೇ ಎಂದು ಕೇಳಿದ. ಇದು ಮೂರನೆಯದು, ಇನ್ನೊಂದು ಮುದ್ರಣಾಲಯದ್ದು. ಇದೂ ತಪ್ಪಿದರೆ ಮನೆ ಖಾಲಿ ಮಾಡಿ ಹೆಂಡತಿಯ ಅಣ್ಣನ ಮನೆಯ ಹಿಂದಿನ ಕೋಣೆ ಸೇರಬೇಕು. ಆ ಮನೆಯಲ್ಲಿ ಅತ್ತಿಗೆಯೂ ಇದ್ದಾಳೆ. ಅದನ್ನು ನೆನೆದರೇ ಹೆಂಡತಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು.

ಸಂದರ್ಶನದ ತಾಲೀಮಿಗೆಂದು ಅವಳು ಮೇಜಿನಾಚೆ ಕುಳಿತು, ಅವನ ಕನ್ನಡಕವನ್ನೇ ಮೂಗಿಗೇರಿಸಿ, ಆ ಮುದ್ರಣಾಲಯದ ಮಾಲೀಕಳಾದಳು.

ಹೆಂಡತಿ: ಬನ್ನಿ, ಕೂತ್ಕೊಳ್ಳಿ. ನಿಮ್ಮ ವಿದ್ಯಾಬ್ಯಾಸ?

ಗಂಡ: ಭ್ಯಾಸ.

ಹೆಂಡತಿ: ಅದು ಯಾವ ಡಿಗ್ರಿ?

ಗಂಡ: ಡಿಗ್ರಿ ಅಲ್ಲ ಕಣೆ, ಮಹಾಪ್ರಾಣ. ನೀನು 'ಬ್ಯಾಸ' ಅಂದೆ.

ಹೆಂಡತಿ: ಆ ಮಹಾಪ್ರಾಣದ ಹಿಂದೆ ಬಿದ್ದು ಉಳಿದಿರೋ ಅಲ್ಪ ಪ್ರಾಣಾನೂ ಕಳ್ಕೋಬೇಡಿ. ಹೇಳಿ, ಹಳೇ ಕೆಲಸ ಯಾಕೆ ಬಿಟ್ಟಿರಿ?

ಗಂಡ: ನಾನೆಲ್ಲಿ ಬಿಟ್ಟೆ? ಮಾಲೀಕರು ಬಿಟ್ಟರು.

ಹೆಂಡತಿ: ನಿಮ್ಮನ್ನಾ?

ಗಂಡ: ಊರನ್ನ.

ಹೆಂಡತಿ: ಅದನ್ನೆಲ್ಲ ಅಲ್ಲಿ ಬಾಯಿ ಬಿಡಬೇಡಿ. ಸರಿ, ನಿಮ್ಮಲ್ಲಿರೋ ದೋಶ ಏನು?

ಗಂಡನ ತುಟಿ ಅದುರಿತು. 'ಷ' ನಾಲಗೆಯ ತುದಿಯವರೆಗೂ ಬಂದು ನಿಂತಿತ್ತು. ಕಹಿ ಗುಳಿಗೆ ನುಂಗುವವನಂತೆ ನುಂಗಿದ.

ಗಂಡ: ಏನೂ ಇಲ್ಲ.

ಹೆಂಡತಿ: ಶಭಾಷ್. ನಾಳೆ ಅಲ್ಲೂ ಹೀಗೇ. ಏನು ತೋರಿಸಿದರೂ 'ಚೆನ್ನಾಗಿದೆ' ಅನ್ನಿ. ತಪ್ಪು ಕಂಡರೆ ನುಂಗಿ.

ಗಂಡ: ಎಷ್ಟು ಅಂತ ನುಂಗಲಿ?

ಹೆಂಡತಿ: ಹನ್ನೆರಡು ವರ್ಷದಿಂದ ನಾನು ನುಂಗ್ತಾ ಇಲ್ವಾ?

ಮರುದಿನ ಬೆಳಿಗ್ಗೆ ಅವಳೂ ಜೊತೆಗೇ ಹೊರಟಳು. ಒಬ್ಬನನ್ನೇ ಕಳಿಸುವಷ್ಟು ಧೈರ್ಯ ಅವಳಿಗಿರಲಿಲ್ಲ. ಅವನು ಮಾಲೀಕರ ಕೋಣೆಯೊಳಗೆ ಹೋದ, ಅವಳು ಹೊರಗೆ ಕಾಗದದ ಸುರುಳಿಗಳ ಪಕ್ಕದ ಬೆಂಚಿನಲ್ಲಿ ಕುಳಿತಳು. ಐದೇ ನಿಮಿಷಕ್ಕೆ ಅವನು ಹೊರಬಂದ.

ಹೆಂಡತಿ: ಏನ್ರೀ, ತಿದ್ದಿಬಿಟ್ರಾ?

ಗಂಡ: ಇಲ್ಲಮ್ಮ. ಒಂದು ಪುಟ ಕೊಟ್ಟು 'ಹೇಗಿದೆ' ಅಂದ್ರು. ಚೆನ್ನಾಗಿದೆ ಅಂದೆ. 'ಒಂದೂ ತಪ್ಪಿಲ್ವಾ' ಅಂದ್ರು. ಇಲ್ಲ ಅಂದೆ. 'ಹೋಗಿ ಬನ್ನಿ' ಅಂದ್ರು.

ಹೆಂಡತಿ: ತಪ್ಪು ಇತ್ತಾ?

ಗಂಡ: ಹದಿನಾರು.

ಹೆಂಡತಿ: ಅಯ್ಯೋ, ಅದೇ ಪರೀಕ್ಷೆ ಕಣ್ರೀ!

ಗಂಡ: ನೀನೇ ತಾನೆ ನುಂಗು ಅಂದಿದ್ದು?

ಹೆಂಡತಿ: ಮಾಲೀಕರ ತಪ್ಪು ನುಂಗಿ ಅಂದೆ. ಕೆಲಸದ ತಪ್ಪೂ ನುಂಗಿ ಅಂದ್ನಾ?

ಗಂಡ: ಬಿಡಿಸಿ ಹೇಳಬೇಕಿತ್ತು.

ಅತ್ತಿಗೆಯ ಮುಖ ಕಣ್ಣೆದುರು ಬಂದದ್ದೇ ತಡ, ಅವಳು ಗಂಡನ ತೋಳು ಹಿಡಿದು ಒಳಕ್ಕೆ ಎಳೆದುಕೊಂಡು ಹೋದಳು.

ಮಾಲೀಕ: ಯಾರಮ್ಮ ನೀವು?

ಹೆಂಡತಿ: ಇವರ ಮನೆಯವಳು ಸಾರ್. ಇವರ ಬಾಯಿಗೆ ಬೀಗ ಹಾಕಿ ಕಳಿಸಿದ್ದು ನಾನೇ. ಈಗ ತೆಗೆದಿದ್ದೀನಿ, ಕೇಳಿ.

ಗಂಡ ಪುಟದ ಕಡೆ ನೋಡದೆಯೇ ಒಂದೊಂದಾಗಿ ಒಪ್ಪಿಸಿದ. ಮೂರನೇ ಸಾಲಿನ ಒತ್ತಕ್ಷರ, ಏಳರಲ್ಲಿ ಬಿಟ್ಟುಹೋದ ಅನುಸ್ವಾರ, ಹನ್ನೊಂದರಲ್ಲಿ ಎರಡು ಸಲ ಬಂದ 'ಮತ್ತು'. ಈ ಏಳು ತಿಂಗಳಲ್ಲಿ ಅವನ ಮುಖ ಇಷ್ಟು ಕಳೆಕಳೆಯಾಗಿದ್ದನ್ನು ಅವಳು ಕಂಡಿರಲಿಲ್ಲ. ಮಾಲೀಕರು ತಮ್ಮ ಚೀಟಿಯಲ್ಲಿ ಗುರುತು ಹಾಕಿಕೊಳ್ಳುತ್ತ ಹೋದರು.

ಮಾಲೀಕ: ಹದಿನಾರೂ ಸರಿ. ನಾನು ಬೇಕಂತಲೇ ಹಾಕಿಸಿದ್ದು ಅಷ್ಟೇ. ಇನ್ನೇನೂ ಉಳಿದಿಲ್ವಲ್ಲ?

ಗಂಡನ ಕಣ್ಣು ಮಾಲೀಕರ ಹಿಂದಿನ ಗೋಡೆಗೆ ಹೋಗಿ ಅಲ್ಲೇ ನೆಟ್ಟಿತು. ಗಂಟಲು ಒಮ್ಮೆ ಮೇಲೆ ಕೆಳಗೆ ಆಡಿತು.

ಗಂಡ: ಇ... ಇಲ್ಲ ಸಾರ್.

ಏನನ್ನೋ ನುಂಗಿದ ಎಂದು ಅವಳಿಗೆ ತಿಳಿದುಹೋಯಿತು. ಅವನ ನೋಟದ ಜಾಡು ಹಿಡಿದು ತಾನೂ ಗೋಡೆ ನೋಡಿದಳು. ಗೋಡೆಯುದ್ದದ ಬೋರ್ಡು: 'ಶುದ್ದ ಮುದ್ರಣವೇ ನಮ್ಮ ಗುರಿ'. ಸುಮ್ಮನಿದ್ದರೆ ಕೆಲಸ ಕೈಗೆ ಬಂದ ಹಾಗೆಯೇ. ಸುಮ್ಮನಿರೋಣವೆಂದು ನಾಲಗೆಯನ್ನು ಕಚ್ಚಿಯೂ ಹಿಡಿದಳು. ಆದರೆ ತನ್ನ ಗಂಡನ ಕಣ್ಣು ತಪ್ಪಿಸಿ ಒಂದು ತಪ್ಪು ಉಳಿದುಕೊಂಡಿತು ಎಂದು ಯಾರಾದರೂ ತಿಳಿಯುವುದನ್ನು ಅವಳಿಂದ ಸಹಿಸಲಾಗಲಿಲ್ಲ.

ಹೆಂಡತಿ: ಹದಿನೇಳು ಸಾರ್.

ಮಾಲೀಕ: ಇನ್ನೊಂದು ಎಲ್ಲಿದೆ?

ಹೆಂಡತಿ: ನಿಮ್ಮ ತಲೆ ಮೇಲೆ. 'ಶುದ್ಧ'ದ ಒತ್ತಿಗೆ ಹೊಟ್ಟೆ ಸೀಳಿಲ್ಲ. ಇವರು ಆಗಲೇ ನೋಡಿದ್ರು, ನನ್ನ ಹೆದರಿಕೆಗೆ ಹೇಳಲಿಲ್ಲ ಅಷ್ಟೇ.

ಮಾಲೀಕರು ಕುರ್ಚಿಯಲ್ಲೇ ತಿರುಗಿ ಬೋರ್ಡನ್ನು ಬಹಳ ಹೊತ್ತು ನೋಡಿದರು. ಗಂಡ ಆಗಲೇ ಬಾಗಿಲಿನ ಕಡೆ ಹೆಜ್ಜೆ ಹಾಕಿದ್ದ.

ಮಾಲೀಕ: ಇಪ್ಪತ್ತೆಂಟು ವರ್ಷದಿಂದ ಇದರ ಕೆಳಗೆ ಕೂತಿದ್ದೀನಿ, ಒಬ್ಬರೂ ಹೇಳಲಿಲ್ಲ. ಎಲ್ಲಿಗೆ ಹೊರಟ್ರಿ, ನಿಲ್ಲಿ. ನಾಳೆ ಒಂಬತ್ತಕ್ಕೆ ಬನ್ನಿ.

ಗಂಡ: ನಾನಾ ಸಾರ್, ಇವಳಾ?

ಮಾಲೀಕ: ಇಬ್ಬರೂ. ತಪ್ಪು ಹುಡುಕೋಕೆ ನೀವು, ಅದನ್ನ ನನಗೆ ಹೇಳೋಕೆ ಇವರು.