ನಿಟ್ಟುಸಿರು ಬಿಡುವ ಕಾರು

ಬೆಳಗಿನ ಆರು ಗಂಟೆ ಹತ್ತು ನಿಮಿಷಕ್ಕೆ ನನ್ನ ವಿಜ್ಞಾನ ಪದವಿ ಕೆಲಸಕ್ಕೆ ಬಾರದೆ ಹೋಯಿತು. ಸಮಯ ಇಷ್ಟು ಖಚಿತವಾಗಿ ನೆನಪಿರಲು ಕಾರಣ, ಗಡ್ಡ ಹೆರೆಯುತ್ತ ನಾನು ಗಡಿಯಾರದ ಕಡೆಗೇ ನೋಡುತ್ತಿದ್ದೆ. ಬೈಲಹೊಂಗಲದ ನಮ್ಮ ಮನೆಯ ಅಂಗಳಕ್ಕೆ ರಂಗೋಲಿ ಹಾಕಲು ಹೋದ ಹೆಂಡತಿ ಶಾರದಾ ಹಾಗೆಯೇ ತಿರುಗಿ ಬಂದು, ದನಿ ತಗ್ಗಿಸಿ, "ರೀ, ಗಾಡಿ ಬುಡಕ ರಕ್ತ ಬಿದ್ದೈತ್ರಿ" ಎಂದಳು. ದೆವ್ವ ಭೂತ ಸುಳ್ಳೆಂದು ಕಾಲೇಜಿನಲ್ಲಿ ಹುಡುಗರ ಮುಂದೆ ವಾದಿಸುವುದು ಸುಲಭ. ಅರ್ಧ ಗಲ್ಲಕ್ಕೆ ನೊರೆ ಹಚ್ಚಿಕೊಂಡು ನಿಂತಾಗ ಕಷ್ಟ.

ಹೋಗಿ ನೋಡಿದೆ. ರೊಟ್ಟಿಯಗಲದ ಕೆಂಪು ಕಲೆ, ಇನ್ನೂ ಹಸಿಯಾಗಿ ಮಿರುಗುತ್ತಿತ್ತು. ಇರುವೆಗಳು ಅದನ್ನು ಬಳಸಿಕೊಂಡು ಹೋಗುತ್ತಿದ್ದವು. ಓಣಿಯ ನಾಯಿ ಮೂಸಿ, ನನ್ನ ಮುಖ ನೋಡಿ, ಹಿಂದೆ ಸರಿಯಿತು. ಆ ಕಾರು ಮನೆಗೆ ಬಂದು ಮೂರು ವಾರವಾಗಿತ್ತು. ಅವ್ವನ ಮೊಣಕಾಲು ಬಸ್ಸಿನ ಮೆಟ್ಟಿಲು ಹತ್ತಲು ಒಪ್ಪುತ್ತಿರಲಿಲ್ಲ, ಆಕೆಗೋ ಹುಣ್ಣಿಮೆಗೊಮ್ಮೆ ಸವದತ್ತಿಯ ಎಲ್ಲವ್ವನ ಗುಡ್ಡಕ್ಕೆ ಹೋಗಲೇಬೇಕು. ಅದಕ್ಕಾಗಿ ಬೆಳಗಾವಿಯ ಒಬ್ಬ ನಿವೃತ್ತ ಅಧಿಕಾರಿಯಿಂದ ತಂದ ಹಳೆಯ ಗಾಡಿ ಅದು. ಗೇರು ತಾನೇ ಬದಲಾಯಿಸಿಕೊಳ್ಳುವ ಜಾತಿಯದು. ತೊಂಬತ್ತರ ದಶಕದ ನಮ್ಮ ಊರಿಗೆ ಅದೊಂದು ಅಚ್ಚರಿ. ಕೈ ಮುಟ್ಟದೆ ಗೇರು ಬೀಳುತ್ತದೆ ಎಂದಾಗಲೇ ಓಣಿಯವರು ನನ್ನನ್ನು ಅರ್ಧ ಮಂತ್ರವಾದಿಯೆಂದು ತಿಳಿದಿದ್ದರು.

ಅವ್ವ ಕಲೆಯನ್ನು ನೋಡಿ ತೀರ್ಪು ಕೊಟ್ಟಳು: "ಎಪ್ಪಾ, ಯಾರೋ ಹೊಟ್ಟಿಕಿಚ್ಚಿಗೆ ಮಾಟಾ ಮಾಡ್ಯಾರ. ತಗೋ, ಎಲ್ಲವ್ವನ ಭಂಡಾರ. ಮತ್ತೊಮ್ಮಿ ಗಾಡ್ಯಾಗ ಇಡು. ಯಾರ ಕಾಲೂ ತಾಗಬಾರದು ನೋಡು." ಗಾಡಿ ತಂದ ದಿನವೂ ಆಕೆ ಹೀಗೆಯೇ ಅರಿಷಿಣದ ಭಂಡಾರವನ್ನು ಬಟ್ಟೆಯ ಚೂರಿನಲ್ಲಿ ಕಟ್ಟಿ ಕೊಟ್ಟಿದ್ದಳು. ಇಟ್ಟೆ. ಎಲ್ಲಿ ಇಟ್ಟೆ ಎಂಬುದನ್ನು ಆಮೇಲೆ ಹೇಳುತ್ತೇನೆ, ಈಗ ನಾಚಿಕೆಯಾಗುತ್ತದೆ.

ಗಾಡಿಯನ್ನು ಕಿತ್ತೂರಿಗೆ ಒಯ್ದೆ. ಹೆದ್ದಾರಿ ಪಕ್ಕದ ಗ್ಯಾರೇಜಿನ ಮೌಲಾಸಾಬ ಅದರ ಬುಡಕ್ಕೆ ಮೆತ್ತಿದ್ದ ಕೆಂಪನ್ನು ಬೆರಳಲ್ಲಿ ಉಜ್ಜಿ, ಮೂಸಿ, ನಕ್ಕ. "ರಕ್ತ ಅಲ್ರಿ ಸರ, ಗೇರ್‌ಬಾಕ್ಸಿನ ಎಣ್ಣಿ. ಇಂಥಾ ಗಾಡಿಗಿ ಕೆಂಪು ಎಣ್ಣಿನ ಇರತೈತಿ. ಸೀಲ್ ಹೋಗೇತಿ." ಎಣ್ಣೆ ಸೋರದಂತೆ ತಡೆಯುವ ಆ ರಬ್ಬರ್ ಬಳೆಯನ್ನು ಬದಲಾಯಿಸಿದ. ನಾಲ್ಕು ದಿನ ಅಂಗಳ ಸ್ವಚ್ಛವಿತ್ತು, ಐದನೆಯ ದಿನ ಕಲೆ ತಿರುಗಿ ಬಂತು. ಅವ್ವ ಮತ್ತೆ ಭಂಡಾರ ಕೊಟ್ಟಳು, ನಾನು ಮತ್ತೆ ಇಟ್ಟೆ, ಮೌಲಾಸಾಬ ಮತ್ತೆ ಸೀಲು ಹಾಕಿದ. ಯರಗಟ್ಟಿಯ ತಂಗಿಯ ಮನೆ ಮುಂದೆ ಒಂದು ರಾತ್ರಿ ಗಾಡಿ ಬಿಟ್ಟರೆ ಅಲ್ಲಿಯೂ ಬೆಳಗಿಗೆ ಅದೇ ಕಲೆ. ಮಾಟ ಮನೆಗಲ್ಲ, ಗಾಡಿಗೆ ಎಂದು ಗೊತ್ತಾದ ಮೇಲೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ.

ಏಕೆಂದರೆ ಇನ್ನೊಂದು ಸಂಗತಿಯನ್ನು ನಾನು ಯಾರಿಗೂ ಹೇಳಿರಲಿಲ್ಲ. ಗಾಡಿ ನಿಲ್ಲಿಸಿ, ಬಾಗಿಲು ಹಾಕಿ, ಕಾಲು ತೊಳೆದು ಒಳಗೆ ಕೂತ ಮೇಲೆ, ಅಂಗಳದಿಂದ ಒಂದು ನಿಟ್ಟುಸಿರು ಕೇಳುತ್ತಿತ್ತು. ಹುಸ್ಸ್... ಎಂದು, ಮಗಳ ಮದುವೆಯ ಚಿಂತೆಯಲ್ಲಿರುವ ಹೆಂಗಸಿನ ಹಾಗೆ. ಶಾರದಾಗೂ ಕೇಳುತ್ತಿತ್ತಂತೆ. ಇಬ್ಬರೂ ಹೇಳಿಕೊಳ್ಳದೆ, ನಿದ್ದೆ ಬಾರದೆ, ಬೆನ್ನು ಮಾಡಿ ಮಲಗುತ್ತಿದ್ದೆವು.

ಆ ಹುಣ್ಣಿಮೆಗೆ ಶಾರದಾ, "ಅತ್ತೀನ ಆ ಗಾಡ್ಯಾಗ ಒಯ್ಯಬ್ಯಾಡ್ರಿ" ಎಂದಳು. ನಾನು ಒಯ್ದೆ. ಸವದತ್ತಿ ದಾಟಿ ಗುಡ್ಡದ ಏರಿನಲ್ಲಿ ಎಂಜಿನ್ ಅರಚತೊಡಗಿತು, ಗಾಡಿ ಮಾತ್ರ ಮುಂದೆ ಹೋಗಲೊಲ್ಲದು. ಹ್ಯಾಂಡ್ ಬ್ರೇಕ್ ಎಳೆದು, ಕೆಳಗಿಳಿದು, ಬಗ್ಗಿ ನೋಡಿದೆ. ಎಳೆದ ನೆನಪು ನನ್ನ ಕೈಗಿತ್ತು, ಬ್ರೇಕಿಗೆ ಇರಲಿಲ್ಲ. ತಲೆ ಎತ್ತುವಷ್ಟರಲ್ಲಿ ಹಿಂದಿನ ಸೀಟಿನಲ್ಲಿ ಕೂತ ಅವ್ವ ನನ್ನ ಪಕ್ಕದಿಂದ ನಿಧಾನವಾಗಿ ಹಿಂದೆ ಹಿಂದೆ ಹೋಗುತ್ತಿದ್ದಳು. ಕಿಟಕಿಯಲ್ಲಿ ಅವಳ ಶಾಂತ ಮುಖ, ಮಡಿಲಲ್ಲಿ ಹೂವಿನ ಬುಟ್ಟಿ. ನನ್ನನ್ನು ನೋಡಿ ಕೈ ಬೀಸಿದಳು. ನಾನು ಓಡಿದೆ, ಚಪ್ಪಲಿ ಬಿಟ್ಟು ಓಡಿದೆ, ಬಾಗಿಲ ಹಿಡಿಕೆ ಬೆರಳಿಗೆ ತಾಗಿ ತಪ್ಪಿತು. ಆಚೆ ಬದಿಗೆ ಇಳಿಜಾರು. ರಸ್ತೆ ಕೆಲಸಕ್ಕೆ ಸುರುವಿದ್ದ ಜಲ್ಲಿಯ ಗುಡ್ಡೆಗೆ ಹಿಂಭಾಗ ಹೂತು ಗಾಡಿ ನಿಂತಿತು. ಆಮೇಲೆ, ನಿಮ್ಮಾಣೆ, ಅದು ನಿಟ್ಟುಸಿರು ಬಿಟ್ಟಿತು.

"ಕೈ ಯಾಕ ಬೀಸಿದಿಬೇ?" ಎಂದು ಬಾಗಿಲು ತೆರೆಯುತ್ತ ಕೇಳಿದೆ.

"ನೀನ ಮುಂದ ಹೊಂಟಿದ್ದೆಲ್ಲೋ. ನಡಕೋತ ಹೋಗಿ ಬರತಾನು ಅಂತ ತಿಳದೆ."

ಟ್ರ್ಯಾಕ್ಟರಿಗೆ ಕಟ್ಟಿ ಗಾಡಿಯನ್ನು ಕಿತ್ತೂರಿಗೆ ಎಳೆಸಿದೆ. ಈ ಸಲ ಮೌಲಾಸಾಬನಿಗೆ ನಿಟ್ಟುಸಿರಿನ ವಿಷಯವನ್ನೂ ಬಾಯಿಬಿಟ್ಟೆ. ಅವನು ನಗಲಿಲ್ಲ. ಗೇರು ಹಿಡಿಯದಷ್ಟು ಬರಿದಾಗಿದ್ದ ಗೇರ್‌ಬಾಕ್ಸಿಗೆ ಎಣ್ಣೆ ತುಂಬಿ, ಹೆದ್ದಾರಿಯಲ್ಲಿ ಬಿಸಿಯಾಗುವವರೆಗೆ ಓಡಿಸಿ ತಂದು, ಎಂಜಿನ್ ಆರಿಸಿ, ಚಹಾ ಹಿಡಿದು ಅದರ ಪಕ್ಕ ಕುಕ್ಕರುಗಾಲಲ್ಲಿ ಕೂತ. ಸ್ವಲ್ಪ ಹೊತ್ತಿಗೆ, ಹುಸ್ಸ್. ಚಹಾ ಕೆಳಗಿಟ್ಟ.

"ಸರ, ಇದರ ಮೂಗ ಮುಚ್ಚೇತಿ. ಗೇರ್‌ಬಾಕ್ಸಿಗಿ ಉಸಿರಾಡಾಕ ಒಂದು ನಳಿಗಿ ಇರತೈತಿ. ಅದು ಕಟ್ಟಿದ್ರ ಒಳಗಿನ ಬಿಸಿ ಗಾಳಿ ಸೀಲ್ ತಳ್ಳಿ ಎಣ್ಣಿ ಹೊರಗ ಹಾಕತೈತಿ. ನಾ ನೂರು ಸೀಲ್ ಹಾಕಿದ್ರೂ ಅಷ್ಟ."

ಬಾನೆಟ್ ಎತ್ತಿ, ಆ ನಳಿಕೆಯ ಬಾಯಿಗೆ ತಂತಿ ಹಾಕಿ ಎಳೆದ. ಹಳದಿ ಬಟ್ಟೆಯ ಚೂರು ಬಂತು. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಮತ್ತೊಂದು.

ಈಗ ಹೇಳುತ್ತೇನೆ. ಭಂಡಾರವನ್ನು ಗಾಜಿನ ಮುಂದೆ ತೂಗಿಬಿಟ್ಟರೆ ಕಾಲೇಜಿನ ಸಹೋದ್ಯೋಗಿಗಳು ನಕ್ಕಾರೆಂದು, ಬಾನೆಟ್ಟಿನ ಒಳಗೆ ಯಾರ ಕಾಲೂ, ಕಣ್ಣೂ ತಾಗದ ಆ ತೂತಿನಲ್ಲಿ ನಾನೇ ಸಿಕ್ಕಿಸಿದ್ದೆ. ಎರಡನೆಯದನ್ನೂ ಮೂರನೆಯದನ್ನೂ ಪೆನ್ಸಿಲ್ಲಿನಿಂದ ಗಟ್ಟಿಯಾಗಿ ತುರುಕಿದ್ದೆ. ಮುಚ್ಚಿದ ಪಾತ್ರೆಯಲ್ಲಿ ಬಿಸಿ ಗಾಳಿ ಏನು ಮಾಡುತ್ತದೆ ಎಂದು ಪ್ರತಿ ವರ್ಷ ಪಾಠ ಹೇಳುವವನೂ ನಾನೇ.

"ಮಾಟಾ ಮಾಡಿದಾವ್ರು ಯಾರಂತ ಗೊತ್ತಾತೇನೋ?" ಎಂದು ಮನೆ ಮುಟ್ಟಿದ ಕೂಡಲೇ ಅವ್ವ ಕೇಳಿದಳು. ಗೊತ್ತಾತು ಎಂದೆ. ಬೆರಳಿಗೆ ಇನ್ನೂ ಹತ್ತಿದ್ದ ಅರಿಷಿಣವನ್ನು ಕರವಸ್ತ್ರಕ್ಕೆ ಒರೆಸಿಕೊಂಡೆ. ಆಕೆ ನನ್ನ ಬೆರಳು ನೋಡಿ, ಮುಖ ನೋಡಿ, "ಹೋಗ್ಲಿ ಬಿಡು, ಮನ್ಯಾವನ ಇರಬೇಕು" ಎಂದಳು.

ಆಮೇಲೆ ಎಣ್ಣೆ ಸೋರಲಿಲ್ಲ. ಆದರೆ ಕಣ್ಣು ಮುಚ್ಚಿದರೆ ಸಾಕು, ಕಿಟಕಿಯಲ್ಲಿ ಅವ್ವ ಹಿಂದೆ ಹಿಂದೆ ಹೋಗುತ್ತಿದ್ದಳು. ಮುಂದಿನ ಹುಣ್ಣಿಮೆಗೆ ಆಕೆಯೇ ಹಟ ಹಿಡಿದು ಅದೇ ಗಾಡಿಯಲ್ಲಿ ಗುಡ್ಡ ಹತ್ತಿಸಿಕೊಂಡು, ಇಳಿಸಿಕೊಂಡು ಬಂದಳು. ನಿಲ್ಲಿಸಿದಲ್ಲೆಲ್ಲ ಗಾಡಿ ಹಿಂದೆ ಜಾರದಂತೆ ಅದರ ಹಿಂದಿನ ಗಾಲಿಗಳಿಗೆ ನಾನು ಒಂದೊಂದು ಇಟ್ಟಿಗೆ ಆನಿಸಿದ್ದೆ. ಆ ರಾತ್ರಿ ಮೂವರೂ ಮಲಗಿದವರು ಹಾಲಿನವನು ಬಾಗಿಲು ಬಡಿಯುವವರೆಗೆ ಏಳಲಿಲ್ಲ. ಎದ್ದು ನೋಡಿದರೆ ನನ್ನ ಮಂಚದ ಹಿಂದಿನ ಎರಡು ಕಾಲುಗಳಿಗೆ ಯಾರೋ ಒಂದೊಂದು ಇಟ್ಟಿಗೆ ಆನಿಸಿದ್ದರು. ಅವ್ವ ನಾನಲ್ಲ ಎಂದಳು. ಶಾರದಾ ನಾನಲ್ಲವೇ ಅಲ್ಲ ಎಂದಳು. ಇದನ್ನು ವೈಜ್ಞಾನಿಕವಾಗಿ ಪರಿಶೀಲಿಸಬೇಕೆಂದು ಗಂಭೀರವಾಗಿ ಹೇಳಿ ನಾನು ಕೈ ತೊಳೆಯಲು ಹೋದೆ. ಅಂಗೈ ತುಂಬ ಇಟ್ಟಿಗೆಯ ಪುಡಿ ಇತ್ತು.