ಕೆಲಸಕ್ಕೆ ಬಾರದ ಭಾಗ

ಜಯರಾಮಪ್ಪನವರ ಸಂಸಾರ ಹದಗೆಟ್ಟದ್ದು ಒಂದು ಒಳ್ಳೆಯ ಭಾಷಣದಿಂದ. ಚಾಂಪಿಯನ್ ರೀಫ್ಸಿನ ಚಿನ್ನದ ಗಣಿಯಲ್ಲಿ ಅವರು ಪಂಪು ನೋಡಿಕೊಳ್ಳುವ ಫಿಟ್ಟರ್. ಹೊಸ ಇಂಜಿನಿಯರು ಕೆಲಸಗಾರರನ್ನು ಕೂರಿಸಿ ಎರಡು ಮಾತು ಹೇಳಿದ್ದರು: ಯಂತ್ರವೆಂದರೆ ಬಿಡಿಭಾಗಗಳ ರಾಶಿಯಲ್ಲ, ಅವುಗಳ ನಂಟು, ಒಂದನ್ನು ಮುಟ್ಟಿದರೆ ಕಾಣದ ಇನ್ನೊಂದು ಅಲುಗುತ್ತದೆ. ಮತ್ತೆ, ಕೆಲಸಕ್ಕೆ ಬಾರದ ಭಾಗ ಯಂತ್ರಕ್ಕೆ ಭಾರ. ಜಯರಾಮಪ್ಪನವರ ತಲೆಯಲ್ಲಿ ನಿಂತದ್ದು ಎರಡನೆಯದು ಮಾತ್ರ. (ಮೊದಲನೆಯದರ ಹೊತ್ತಿಗೆ ತೂಕಡಿಸುತ್ತಿದ್ದರು.)

ಮನೆಯೂ ಒಂದು ಯಂತ್ರವೇ ತಾನೆ? ಅದರ ದಂಡದ ಭಾಗ ಮರುದಿನ ಬೆಳಿಗ್ಗೆಯೇ ಸಿಕ್ಕಿತು. ಹೆಂಡತಿ ಗಂಗರತ್ನಮ್ಮ ಬೇಲಿಗೆ ಒರಗಿ ಪಕ್ಕದ ಮನೆಯ ಅಕ್ಕಯ್ಯಮ್ಮನ ಜೊತೆ ಅರ್ಧ ಗಂಟೆ ಹರಟುತ್ತಿದ್ದಳು.

"ಲೇ, ಇವತ್ತಿಂದ ಆಯಮ್ಮನ ತಾವ ಮಾತಾಡ್ಕೂಡ್ದು!"

"ಒಂದು ಮಾತೂನಾ?"

"ಒಂದೂ!"

"ಆಯ್ತು ಬುಡಿ."

ಇಷ್ಟು ಸುಲಭವಾಗಿ ಒಪ್ಪಿದಳಲ್ಲ ಎಂದು ಹೆದರಬೇಕಿತ್ತು. ಪುಣ್ಯಾತ್ಮರು ಮೀಸೆ ತಿರುವಿದರು.

ಬೇತಮಂಗಲದ ಕೆರೆಯ ನೀರು ಬೀದಿಯ ಕೊಳಾಯಿಗೆ ಯಾವಾಗ ಬರುತ್ತದೆಂದು ದೇವರಿಗೂ ಗೊತ್ತಿರಲಿಲ್ಲ. ಕೊಳಾಯಿ ಎದುರಿಗೇ ಇದ್ದ ಅಕ್ಕಯ್ಯಮ್ಮನಿಗೆ ಗೊತ್ತಿತ್ತು. ಹರಟೆಯ ನಡುವೆ "ಬಂತು ಕಣಮ್ಮಿ" ಎನ್ನುತ್ತಿದ್ದವಳು ಆಕೆಯೇ. ಹರಟೆ ನಿಂತಿತು, ಆ ಕೂಗೂ ನಿಂತಿತು. ಮೊದಲ ದಿನ ಪಾತ್ರೆ ತೊಳೆಯಲಿಲ್ಲ. ಎರಡನೆಯ ದಿನ ಬಟ್ಟೆ ಒಗೆಯಲಿಲ್ಲ. ಮೂರನೆಯ ದಿನ ಜಯರಾಮಪ್ಪನವರು ಮುದ್ದೆ ಉಂಡ ಕೈಯನ್ನು ಪಂಚೆಗೆ ಒರೆಸಿಕೊಂಡರು.

ನಾಲ್ಕನೆಯ ದಿನ ಮೇಸ್ತ್ರಿ ಕೆಲಸಕ್ಕೆ ಆರಿಸಲು ಇಂಜಿನಿಯರು ಕರೆದಿದ್ದರು. ಹನ್ನೆರಡು ವರ್ಷ ಕಾದಿದ್ದ ದಿನ! ಇದ್ದ ಎರಡು ಚೊಂಬು ನೀರಲ್ಲಿ ಮೈ ನೆನೆಸಿ, ತಲೆಯಿಂದ ಕಾಲಿನವರೆಗೆ ಸೋಪು ಹಚ್ಚಿದರು. ಮೂರನೆಯ ಚೊಂಬು ಹಂಡೆಯ ತಳ ಕೆರೆಯಿತು.

ಟವೆಲು ಸುತ್ತಿಕೊಂಡು ಬೇಲಿಗೆ ಓಡಿದರು. ಅಕ್ಕಯ್ಯಮ್ಮನ ಅಂಗಳದಲ್ಲಿ, ಕೊಳಾಯಿಯ ಸಾಲಿಗೆಂದು ಬಿಟ್ಟಿದ್ದ ಅವರದೇ ಮನೆಯ ನಾಲ್ಕು ಬಿಂದಿಗೆಗಳು ತುಂಬಿ ತುಳುಕುತ್ತಿದ್ದವು.

"ದಿನಾ ಸಾಲಾಗಿಟ್ಟು ತುಂಬಿಸಿವ್ನಿ ಜಯರಾಮಪ್ಪಣ್ಣ," ಎಂದಳು ಅಕ್ಕಯ್ಯಮ್ಮ. "ತಗೊಂಡೋಗಮ್ಮಿ ಅನ್ನೋಕೆ ಮಾತಾಡ್ಬೇಕಲ್ಲ?"

"ಗಂಗೂ, ನಿಂಗೆ ಗೊತ್ತಿತ್ತೇನೇ?"

"ಗೊತ್ತಿತ್ತು. ಕೊಡಕ್ಕಾ ಅನ್ನೋಕೆ ನಂಗೂ ಒಂದು ಮಾತು ಬೇಕಿತ್ತಲ್ರೀ."

ಜಯರಾಮಪ್ಪನವರಿಗೆ ನಿಜವಾಗಿಯೂ ನಾಚಿಕೆಯಾಯಿತು. ಅಷ್ಟರಲ್ಲಿ ಕಣ್ಣಿಗೆ ಸೋಪೂ ಇಳಿಯಿತು. ಕಣ್ಣು ಮುಚ್ಚಿ ಕೈಮುಗಿದರು. "ತಪ್ಪಾಯ್ತು ಕಣ್ರಮ್ಮ. ಎಷ್ಟು ಬೇಕಾದ್ರೂ ಮಾತಾಡ್ಕೊಳ್ಳಿ!"

ಗಂಗರತ್ನಮ್ಮನ ಮುಖ ಅರಳಿತು. ನಾಲ್ಕು ದಿನ ಕಟ್ಟಿಟ್ಟ ಮಾತು! ಹಾಯಾಗಿ ಬೇಲಿಗೆ ಒರಗಿದಳು. "ಅಕ್ಕಾ, ಮೊನ್ನೆ ನಮ್ಮತ್ತಿಗೆ ಬೂದಿಕೋಟೆ ತಾವ ಬಸ್ಸು ಹತ್ತಿದ್ಲಂತೆ..."

"ನೀರು!" ಎಂದು ಬಾಯಿ ತೆರೆದರೆ ಬಾಯಿಗೂ ಸೋಪು. ಮೇಸ್ತ್ರಿ ಆಯ್ಕೆಯ ಹೊತ್ತಾಯಿತೆಂದು ಗಣಿಯ ಸೈರನ್ ಕೂಗಿದಾಗ ಅತ್ತಿಗೆ ಇನ್ನೂ ಬಸ್ಸಿನಿಂದ ಇಳಿದಿರಲಿಲ್ಲ.