ತೆಗಳಿ ಕೊಂಡ ಮನೆ

ಡಾಕ್ಟರಮ್ಮನವರನ್ನು ನಾನು ಮೊದಲು ಕಂಡದ್ದು ಒಂದು ಭಾನುವಾರ ಬೆಳಿಗ್ಗೆ, ಅವರು ಮಾರಲಿಟ್ಟಿದ್ದ ಮನೆಯ ಬಾಗಿಲಲ್ಲಿ. ಬಿಳಿಗೂದಲನ್ನು ಬಿಗಿಯಾಗಿ ಹಿಂದಕ್ಕೆ ಕಟ್ಟಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಬಿಟ್ಟು, ಪುಟ್ಟ ಕಡ್ಡಿಯ ತುದಿಗೆ ಹತ್ತಿ ಸುತ್ತಿ ಬಾಗಿಲ ಚಿಲಕಕ್ಕೆ ಎಣ್ಣೆ ಬಿಡುತ್ತಿದ್ದರು. ನಮ್ಮನ್ನು ಕಂಡಾಗ ಮುಖ ನೋಡಲಿಲ್ಲ, ಬಾಯಿ ನೋಡಿದರು. ಮೊದಲು ನನ್ನದು, ಆಮೇಲೆ ನನ್ನಾಕೆಯದು. ಜೀವಮಾನವಿಡೀ ಊರಿನವರ ಹಲ್ಲು ಕಿತ್ತು ನಿವೃತ್ತರಾದವರು. ಕೆಲಸ ಬಿಟ್ಟರೂ ಅಭ್ಯಾಸ ಬಿಟ್ಟಿರಲಿಲ್ಲ. "ಎಡಗಡೆ ಮೇಲಿನ ದವಡೆಹಲ್ಲು ತೋರಿಸ್ಕೊಳ್ಳಿ, ಹಾಗೇ ಬಿಡಬೇಡಿ" ಎಂದು ನನಗೆ ಹೇಳಿ ಒಳಗೆ ಕರೆದರು.

ನಾನು ಆಗಲೇ ಎಚ್ಚೆತ್ತುಕೊಳ್ಳಬೇಕಿತ್ತು. ಎತ್ತಿನ ಹಲ್ಲು ನೋಡಿ ವಯಸ್ಸು ಹೇಳುವ ವಂಶದಲ್ಲಿ ಹುಟ್ಟಿದವನು ನಾನು. ಹಲ್ಲಿಗೇ ಹೊಸ ವಯಸ್ಸು ಕೊಡಬಲ್ಲವರ ಮುಂದೆ ನಿಂತಿದ್ದೆ.

ನಮ್ಮ ವಂಶದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗ (ಅರ್ಥಶಾಸ್ತ್ರ, ಹಾಗಾಗಿ ವಿಮಾ ಕಚೇರಿಯಲ್ಲಿ ಗುಮಾಸ್ತ). ಪಟ್ಟಣದಲ್ಲಿ ಮನೆ ಕೊಳ್ಳಲು ಹೊರಟವರಲ್ಲೂ ನಾನೇ ಮೊದಲಿಗ. ಅದುವರೆಗೆ ನಮ್ಮವರು ಕೊಂಡ ಅತಿ ದೊಡ್ಡ ವಸ್ತುವೆಂದರೆ ಎತ್ತು. ಆ ವಿದ್ಯೆಯಲ್ಲಿ ನಮ್ಮಪ್ಪ ಮಹಾಪಂಡಿತ. ಕೊಳ್ಳುವ ದನವನ್ನು ಹೊಗಳಬಾರದು, ಕಣ್ಣಲ್ಲೂ ಹೊಗಳಬಾರದು. ಕೊಂಬಿನಿಂದ ಬಾಲದವರೆಗೆ ತೆಗಳಬೇಕು. ತೆಗಳಿ ಮುಗಿದ ಮೇಲೆ ಬೆಲೆ ಹೇಳದೆ ಬೆನ್ನು ತಿರುಗಿಸಿ ನಡೆಯಬೇಕು. ಮಾರುವವನು ತಾನೇ ಹಿಂದೆ ಓಡಿಬರುತ್ತಾನೆ. ಅಪ್ಪ ಹೀಗೆ ಕೊಂಡ ಎತ್ತುಗಳು ಮನೆಗೆ ಬಂದ ಮೇಲೂ ತಲೆ ತಗ್ಗಿಸಿಕೊಂಡೇ ಇರುತ್ತಿದ್ದವು.

ಮನೆಯ ಅಗತ್ಯ ನನಗಿಂತ ನನ್ನಾಕೆಗೆ ಹೆಚ್ಚಾಗಿತ್ತು. ಅವಳು ಬಟ್ಟೆ ಹೊಲಿಯುತ್ತಾಳೆ. ನಮ್ಮ ಬಾಡಿಗೆ ಮನೆಯಲ್ಲಿ ಹೊಲಿಗೆ ಯಂತ್ರಕ್ಕೆ ಸಿಕ್ಕ ಜಾಗ ಬಚ್ಚಲಿಗೆ ಹೋಗುವ ಓಣಿ. ಅಲ್ಲಿ ದಾಟಬೇಕಾದರೆ ಅವಳು ಎದ್ದು ನಿಲ್ಲಬೇಕು. ಒಮ್ಮೆ ನಾನು ಅವಸರದಲ್ಲಿ ನುಸುಳುವಾಗ ನನ್ನ ಅಂಗಿಯ ಅಂಚನ್ನು ಯಾರದೋ ರವಿಕೆಯ ತೋಳಿಗೆ ಸೇರಿಸಿ ಹೊಲಿದೂ ಬಿಟ್ಟಿದ್ದಳು. ಸಾಲದ್ದಕ್ಕೆ, ಕೆಳಗಿನ ಮನೆಯಲ್ಲಿದ್ದ ಮಾಲೀಕರು ಯಂತ್ರದ ಸದ್ದಿಗೆ ತಲೆ ಸಿಡಿಯುತ್ತದೆಂದೂ, ತಿಂಗಳು ಮುಗಿಯುವುದರೊಳಗೆ ಒಂದೋ ಯಂತ್ರ ಹೋಗಬೇಕು ಇಲ್ಲವೇ ನಾವು ಹೋಗಬೇಕೆಂದೂ ತೀರ್ಪು ಕೊಟ್ಟಿದ್ದರು. ಡಾಕ್ಟರಮ್ಮನ ಮನೆಯ ಮುಂದಿನ ಕೋಣೆಗೆ ಗೋಡೆಯಗಲದ ಕಿಟಕಿಯಿತ್ತು. ಅದರಿಂದ ಒಳಗೆ ಬೀಳುತ್ತಿದ್ದ ಬೆಳಕಿನಲ್ಲಿ ಕಪ್ಪು ಬಟ್ಟೆಗೆ ಕಪ್ಪು ದಾರವನ್ನೂ ಹಾಕಬಹುದಿತ್ತು.

"ಮುಖದಲ್ಲಿ ಏನೂ ತೋರಿಸಬೇಡ" ಎಂದು ಬರುವ ದಾರಿಯಲ್ಲೇ ಅವಳಿಗೆ ಪಾಠ ಮಾಡಿದ್ದೆ. ಅವಳು ಮುಖದಲ್ಲಿ ಏನೂ ತೋರಿಸಲಿಲ್ಲ. ಕೊರಳಲ್ಲಿದ್ದ ಟೇಪು ತೆಗೆದು ಪರದೆಗೆಂದು ಕಿಟಕಿಯ ಅಳತೆ ತೆಗೆದುಕೊಂಡಳು.

ಮನೆ ಹಳೆಯದು, ಹೊಸದಾಗಿ ರಿಪೇರಿಯಾದದ್ದು. ಇಂಥ ಮನೆಯ ಬೆಲೆ ಕಟ್ಟುವುದು ಬಣ್ಣ ಹಚ್ಚಿದ ಮುಖ ನೋಡಿ ವಯಸ್ಸು ಹೇಳಿದಂತೆ. ಆದರೆ ನಾನು ಓದಿದವನು. ಶಾಸ್ತ್ರೋಕ್ತವಾಗಿ ಸಂಶೋಧನೆಗಿಳಿದೆ. ಅದೇ ಬೀದಿಯಲ್ಲಿ, ಅದೇ ಕಾಲದಲ್ಲಿ, ಅದೇ ಅಳತೆಗೆ ಕಟ್ಟಿದ ಪಕ್ಕದ ಮನೆ ರಿಪೇರಿಯಿಲ್ಲದೆ ಇತ್ತೀಚೆಗೆ ಎಷ್ಟಕ್ಕೆ ಹೋಯಿತೆಂದು ವಿಚಾರಿಸಿದೆ. ಅದಕ್ಕೂ ಇದಕ್ಕೂ ಇರುವ ಅಂತರವೇ ರಿಪೇರಿಯ ಬೆಲೆ. ಬಣ್ಣಕ್ಕೆ ಮರುಳಾಗಬಾರದು, ಬಣ್ಣದ ಹಿಂದಿನ ಕೊಳವೆ ನೋಡಬೇಕು. ಡಾಕ್ಟರಮ್ಮನ ಅಪ್ಪಣೆ ಪಡೆದು ನಲ್ಲಿಗಳನ್ನೆಲ್ಲ ಒಟ್ಟಿಗೆ ಬಿಟ್ಟೆ. ಗೋಡೆಗಳನ್ನು ಹಲಸಿನಹಣ್ಣಿನಂತೆ ತಟ್ಟಿದೆ. ನೆಲದ ಮೇಲೆ ಗೋಲಿ ಬಿಟ್ಟು ಅದು ಯಾವ ಕಡೆ ಉರುಳುತ್ತದೆಂದು ಅಂಬೆಗಾಲಿಟ್ಟು ಹಿಂಬಾಲಿಸಿದೆ. ಹೊಸ ಕೊಳವೆ, ಹೊಸ ತಂತಿ, ತಾರಸಿಯ ಗಾರೆ, ಎಲ್ಲಕ್ಕೂ ಪೇಟೆಯಲ್ಲಿ ದರ ಕೇಳಿ ಕೂಡಿಸಿದೆ.

ಬಂದ ಉತ್ತರ ನೋಡಿ ನನಗೆ ಬಹಳ ಬೇಸರವಾಯಿತು. ಡಾಕ್ಟರಮ್ಮ ಕೇಳಿದ ಬೆಲೆ ನ್ಯಾಯವಾಗಿತ್ತು. ಸ್ವಲ್ಪ ಕಡಿಮೆಯೇ ಇತ್ತು.

"ಹಾಗಾದ್ರೆ ಹೂಂ ಅಂದ್ಬಿಡಿ" ಎಂದಳು ನನ್ನಾಕೆ.

"ಹೂಂ ಅನ್ನೋದಾ? ನಮ್ಮಪ್ಪ ಕೇಳಿದ ಬೆಲೆಗೆ ಒಂದು ಕೋಳೀನೂ ತಂದವರಲ್ಲ."

"ಕೋಳಿ ಬೆಲೆ ಸರಿ ಇದೆಯಾ ಅಂತ ಅವ್ರು ಹೀಗೆ ವಾರವಿಡೀ ಲೆಕ್ಕ ಹಾಕಿದ್ರಾ?"

"ಅದು ಬೇರೆ, ಇದು ಬೇರೆ."

"ರೀ, ಬೆಲೆ ಸರಿ ಇದೆ ಅಂತ ಕಂಡುಹಿಡಿದವ್ರು ನೀವು. ಈಗ ಅದನ್ನ ನಂಬದೇ ಇರೋರೂ ನೀವೇ. ನಾನು ಯಾರನ್ನ ನಂಬಲಿ?"

ಮುಂದಿನ ಭಾನುವಾರ ಅಪ್ಪನನ್ನು ಮನಸ್ಸಿನಲ್ಲಿ ನೆನೆದು ತೆಗಳಲು ಹೊರಟೆ.

ಅಂದು ನಾನು ತೆಗಳಿದ್ದನ್ನು ಅಪ್ಪ ಕೇಳಿದ್ದರೆ ಆನಂದಬಾಷ್ಪ ಸುರಿಸುತ್ತಿದ್ದರು. ಅಡುಗೆಮನೆಯ ನಲ್ಲಿಯಲ್ಲಿ ನೀರು ದಾರದಷ್ಟು ಬರುತ್ತದೆ ಎಂದೆ. ಬಚ್ಚಲ ಬಾಗಿಲು ನೆಲ ಕೆರೆಯುತ್ತದೆ ಎಂದೆ. ಮೆಟ್ಟಿಲ ಕಂಬಿ ಹಿಡಿದವರನ್ನೇ ಕರೆದುಕೊಂಡು ಬೀಳುವಂತಿದೆ, ತಾರಸಿಯ ಮೂಲೆಯಲ್ಲಿ ನೀರು ನಿಲ್ಲುತ್ತದೆ, ಬೀರುವಿನ ಹಿಂದೆ ಬಣ್ಣದಡಿಯಲ್ಲಿ ತೇವ ಅಡಗಿದೆ ಎಂದೆ. ಡಾಕ್ಟರಮ್ಮ ಒಂದು ಮಾತಿಗೂ ಎದುರಾಡಲಿಲ್ಲ. ನಾನು ತೋರಿಸಿದಲ್ಲೆಲ್ಲ ಬಗ್ಗಿ, ಪುಟ್ಟ ಟಾರ್ಚು ಬಿಟ್ಟು, ಕಡ್ಡಿಯಿಂದ ಮೆಲ್ಲಗೆ ಕೆದಕಿ ನೋಡಿದರು. ನಾನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದರೆ, "ಹ್ಞೂಂ, ಇನ್ನೆಲ್ಲಿ ನೋವು?" ಎನ್ನುತ್ತಿದ್ದರು. ಆ ದನಿ ಎಷ್ಟು ಅಕ್ಕರೆಯದೆಂದರೆ, ನಾನು ಗಮನಿಸದೆ ಬಿಟ್ಟಿದ್ದ ದೋಷಗಳನ್ನೂ ಹುಡುಕಿ ಹುಡುಕಿ ಒಪ್ಪಿಸಿದೆ.

ಕೊನೆಗೆ ಬೆಲೆ ಹೇಳದೆ ಬೆನ್ನು ತಿರುಗಿಸಿ ನಡೆದೆ. ಬೇಕೆಂದೇ ನಿಧಾನವಾಗಿ ನಡೆದೆ. ಬೀದಿಯ ತಿರುವಿನಲ್ಲಿ ಚಪ್ಪಲಿ ಸರಿಮಾಡಿಕೊಳ್ಳುವ ನೆಪದಲ್ಲಿ ನಿಂತೂ ನೋಡಿದೆ. ಯಾರೂ ಓಡಿಬರಲಿಲ್ಲ.

"ಮಂಡಿನೋವಿರಬೇಕು, ವಯಸ್ಸಾಗಿದೆಯಲ್ಲ. ಫೋನ್ ಮಾಡ್ತಾರೆ" ಎಂದು ನನ್ನಾಕೆಗೆ ಹೇಳಿದೆ.

ಆ ದಿನಗಳಲ್ಲಿ ಅವಳ ಪರವಾಗಿ ಯಂತ್ರವೇ ಮಾತಾಡುತ್ತಿತ್ತು. ನಾನು ಓಣಿಯಲ್ಲಿ ಕಾಣಿಸಿದೊಡನೆ ಅದರ ವೇಗ ಹೆಚ್ಚುತ್ತಿತ್ತು. ಕೆಳಗಿನಿಂದ ಮಾಲೀಕರು ಕೋಲಿನಿಂದ ಸೂರು ಕುಟ್ಟುತ್ತಿದ್ದರು. ನಡುವೆ ನಾನು, ಅಂಗಿಯ ಅಂಚು ಹಿಡಿದುಕೊಂಡು. ತಿಂಗಳು ಮುಗಿಯುತ್ತ ಬಂದಾಗ ಡಾಕ್ಟರಮ್ಮನ ಫೋನು ಬಂತು. ಅಪ್ಪನ ಪದ್ಧತಿ ಗೆದ್ದಿತೆಂದು ಎದೆಯುಬ್ಬಿಸಿಕೊಂಡು ನನ್ನಾಕೆಯ ಜೊತೆ ಹೋದೆ.

ಹೋಗಿ ನೋಡಿದರೆ ಅಡುಗೆಮನೆಯ ನಲ್ಲಿ ಜಲಪಾತದಂತೆ ಸುರಿಯುತ್ತಿತ್ತು. ಬಚ್ಚಲ ಬಾಗಿಲು ಉಸಿರೂದಿದರೆ ಮುಚ್ಚುತ್ತಿತ್ತು. ಮೆಟ್ಟಿಲ ಕಂಬಿಯನ್ನು ಹಿಡಿದು ನಾನು ಜೋತಾಡಿದರೂ ಅಲ್ಲಾಡಲಿಲ್ಲ. ತೇವದ ಗೋಡೆಯ ಗಾರೆ ಕಿತ್ತು ಹೊಸದು ಮೆತ್ತಿದ್ದರು.

ಡಾಕ್ಟರಮ್ಮ ನನ್ನ ಎರಡೂ ಕೈ ಹಿಡಿದುಕೊಂಡರು. "ನಿಮ್ಮ ಉಪಕಾರ ಮರೆಯೋಕಾಗಲ್ಲ. ಬಂದವರೆಲ್ಲ ಚೆನ್ನಾಗಿದೆ, ಚೆನ್ನಾಗಿದೆ ಅಂತ ಹೇಳಿ ಹೋಗ್ತಿದ್ರು. ಒಬ್ಬರಾದ್ರೂ ಬಾಯಿಬಿಟ್ಟು ಹುಳುಕು ತೋರಿಸ್ಲಿಲ್ಲ. ನೀವು ಹೇಳಿದ್ದನ್ನೆಲ್ಲ ಸರಿ ಮಾಡಿಸಿದ್ದೀನಿ." ಆಮೇಲೆ ಹೊಸ ಬೆಲೆ ಹೇಳಿದರು.

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. "ಡಾಕ್ಟ್ರಮ್ಮ, ಹುಳುಕು ತೋರಿಸಿದ್ದು ನಾನು."

"ಹೌದಪ್ಪ. ತುಂಬಿಸಿದ್ದು ನಾನು. ನಾವು ದುಡ್ಡು ತಗೊಳ್ಳೋದು ತುಂಬಿಸಿದ್ದಕ್ಕೆ."

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ನಲ್ಲಿ, ಬಾಗಿಲು, ಗಾರೆ. ಹಾಳಾದ್ದು, ಹೊಸ ಬೆಲೆಯೂ ನ್ಯಾಯವಾಗಿತ್ತು. ಉಳಿದದ್ದು ಕೊನೆಯ ಅಸ್ತ್ರ. "ಹಾಗಾದ್ರೆ ನಮಗೆ ಬೇಡ ಬಿಡಿ" ಎಂದು ಬೆನ್ನು ತಿರುಗಿಸಿದೆ.

ಡಾಕ್ಟರಮ್ಮ ನನ್ನ ಬೆನ್ನನ್ನು ನೋಡಲೇ ಇಲ್ಲ. ನನ್ನಾಕೆಯ ಕೊರಳಲ್ಲಿದ್ದ ಟೇಪು ನೋಡಿದರು. "ಅಳತೆ ತಗೊಂಡ ಮೇಲೆ ಹೊಲೀದೇ ಬಿಡ್ತಾರೇನಮ್ಮ?" ಎಂದು ಮೆಲ್ಲಗೆ ಕೇಳಿದರು.

ತಿರುಗಿದ ರಭಸಕ್ಕೆ ನನ್ನ ಹಿಮ್ಮಡಿ ಹೊಸ್ತಿಲ ಬಳಿಯ ಒಂದು ಟೈಲ್ಸಿನ ಮೇಲೆ ಬಿತ್ತು. ಅದು 'ಟೊಳ್' ಎಂದಿತು. ಒಳಗೆ ಪೊಳ್ಳು! ನನ್ನ ಕಣ್ಣು ಮಿಂಚಿತು. ಬೆರಳೆತ್ತಿ ಬಾಯಿ ತೆರೆದೆ. ಅಷ್ಟರಲ್ಲಿ ನನ್ನಾಕೆ ನನ್ನ ಕಾಲಿನ ಮೇಲೆ ತನ್ನ ಕಾಲಿಟ್ಟು ಭಾರ ಬಿಟ್ಟಳು.

"ಒಪ್ಪಿದ್ವಿ ಡಾಕ್ಟ್ರಮ್ಮ" ಎಂದಳು. "ಇವ್ರು ಬಾಯಿ ತೆಗೆದಷ್ಟೂ ಮನೆ ತುಟ್ಟಿ ಆಗ್ತಾ ಹೋಗುತ್ತೆ."

ಈಗ ಹೊಲಿಗೆ ಯಂತ್ರ ಕಿಟಕಿಯ ಮುಂದೆ ಕೂತಿದೆ. ನಾನು ಬಚ್ಚಲಿಗೆ ಯಾರ ಅಪ್ಪಣೆಯೂ ಇಲ್ಲದೆ ಹೋಗಿಬರುತ್ತೇನೆ. ಆ ಟೈಲ್ಸು ಇವತ್ತಿಗೂ ಟೊಳ್ ಎನ್ನುತ್ತದೆ. ಅದನ್ನು ಸರಿಮಾಡಿಸಲು ನನ್ನಾಕೆ ಬಿಡುವುದಿಲ್ಲ, ಮನೆಯಲ್ಲಿ ಪುಕ್ಕಟೆ ಬಂದದ್ದು ಅದೊಂದೇ ಅಂತೆ. ವಿಷಯ ತಿಳಿದ ಅಪ್ಪ ಫೋನು ಮಾಡಿದರು. "ತೆಗಳೀ ತೆಗಳೀ ಬೆಲೆ ಏರಿಸಿಕೊಂಡವರಲ್ಲೂ ನಮ್ಮ ವಂಶದಲ್ಲಿ ನೀನೇ ಮೊದಲಿಗ ಕಣಪ್ಪ" ಎಂದರು.

ಡಾಕ್ಟರಮ್ಮ ಈಗ ಪಕ್ಕದ ಬೀದಿಯಲ್ಲಿ ಇನ್ನೊಂದು ಹಳೆಯ ಮನೆ ಕೊಂಡು ರಿಪೇರಿ ಮಾಡಿಸುತ್ತಿದ್ದಾರೆ. ಭಾನುವಾರ ಬೆಳಿಗ್ಗೆ ನನ್ನನ್ನು ಕರೆಸಿಕೊಂಡು ತೆಗಳಿಸುತ್ತಾರೆ. ಸೋಮವಾರ ಕೆಲಸದವರನ್ನು ಕರೆಸಿ ಸರಿಮಾಡಿಸುತ್ತಾರೆ.